ಒಂದು ಲಕ್ಷ ಕಿಲೋಮೀಟರ್ ಅಳೆದವರು ಯಾರು?

ನಮಸ್ಕಾರ.

ನಿಮ್ಮ ‘ಹೃದಯ: ದೇವರು ಕೊಟ್ಟ ಅದ್ಭುತ ಯಂತ್ರ’ ಲೇಖನ ತಲುಪಿತು. ಕಾಗುಣಿತ ಚೆನ್ನಾಗಿದೆ. ವಾಕ್ಯಗಳು ಚಿಕ್ಕದಾಗಿವೆ. ಹೃತ್ಕರ್ಣ, ಹೃತ್ಕುಕ್ಷಿ, ಕವಾಟ ಎಲ್ಲವೂ ಪಠ್ಯಪುಸ್ತಕದಲ್ಲಿರುವ ಹಾಗೆ ತಮ್ಮ ತಮ್ಮ ಜಾಗದಲ್ಲಿವೆ. ಸಂತೋಷ. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ.

ಸಾಮಾನ್ಯವಾಗಿ ಇಷ್ಟು ಬರೆದು ‘ವಿಷಾದವಿದೆ’ ಅಂತ ಮುಗಿಸಿಬಿಡುತ್ತೇನೆ. ನಿಮ್ಮ ವಿಷಯದಲ್ಲಿ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಮೂರನೇ ಪುಟದ ಒಂದು ಸಾಲು ಸಿಟ್ಟು ತರಿಸಿತು. ಏಳನೇ ಪುಟದ ಎರಡು ಸಾಲು ಓದಿ ಬಹಳ ಹೊತ್ತು ನಿಮ್ಮ ತಂದೆಯವರ ಬಗ್ಗೆ ಯೋಚಿಸುತ್ತಾ ಕೂತೆ. ಈ ಕಾಗದ ಅವೆರಡರ ಬಗ್ಗೆ ಮಾತ್ರ. ಉಳಿದದ್ದರ ಬಗ್ಗೆ ನನಗೆ ಹೇಳುವುದೇನೂ ಇಲ್ಲ.

ಮೊದಲು ಸಿಟ್ಟಿನದು. ನೀವು ಬರೆದಿರುವುದು: “ಮಾನವ ದೇಹದ ರಕ್ತನಾಳಗಳನ್ನೆಲ್ಲ ಒಂದಕ್ಕೊಂದು ಜೋಡಿಸಿದರೆ ಬರೋಬ್ಬರಿ ಒಂದು ಲಕ್ಷ ಕಿಲೋಮೀಟರ್ ಆಗುತ್ತದೆ! ಅಂದರೆ ಭೂಮಿಯನ್ನು ಎರಡೂವರೆ ಸುತ್ತು ಸುತ್ತಬಹುದು!!”

ಆ ಆಶ್ಚರ್ಯಸೂಚಕಗಳನ್ನು ನಾನೇ ಹೊಡೆದುಹಾಕುತ್ತೇನೆ ಬಿಡಿ. ‘ಬರೋಬ್ಬರಿ’ಯನ್ನೂ. ನನ್ನ ಪ್ರಶ್ನೆ ಬೇರೆ. ಇದನ್ನು ಬರೆಯುವಾಗ ನಿಮಗೆ ಒಂದಿಷ್ಟೂ ಅನುಮಾನ ಬರಲಿಲ್ಲವಾ? ರಕ್ತನಾಳಗಳನ್ನು ಒಂದೊಂದಾಗಿ ಎಳೆದು, ಟೇಪು ಹಿಡಿದು ಅಳೆಯಲು ಯಾರಿಂದಲೂ ಆಗುವುದಿಲ್ಲ. ಲೋಮನಾಳಗಳಂತೂ ಕೆಂಪು ರಕ್ತಕಣಗಳು ಒಂದರ ಹಿಂದೆ ಒಂದು ನುಸುಳಬೇಕಾದಷ್ಟು ಕಿರಿದು. ಹಾಗಾದರೆ ಅಂಕಿ ಎಲ್ಲಿಂದ ಬಂತು?

ಡೆನ್ಮಾರ್ಕಿನ ಶರೀರವಿಜ್ಞಾನಿ ಆಗಸ್ಟ್ ಕ್ರೋಗ್ ಅವರ ಒಂದು ಲೆಕ್ಕದಿಂದ. ಲೋಮನಾಳಗಳ ಬಗೆಗಿನ ಕೆಲಸಕ್ಕೇ 1920ರ ನೊಬೆಲ್ ಪಡೆದವರು ಅವರು. 1922ರ ಹೊತ್ತಿಗೆ ಹೀಗೊಂದು ಲೆಕ್ಕ ಹಾಕಿದರು. ಒಬ್ಬ ಮನುಷ್ಯನ ಮೈಯಲ್ಲಿ 50 ಕಿಲೋ ಸ್ನಾಯು ಇದೆ ಎಂದಿಟ್ಟುಕೊಳ್ಳೋಣ. ಆ ಸ್ನಾಯುವನ್ನು ಅಡ್ಡಕ್ಕೆ ಕೊಯ್ದರೆ ಒಂದು ಚದರ ಮಿಲಿಮೀಟರಿನಲ್ಲಿ 2,000 ಲೋಮನಾಳ ಇವೆ ಎಂದಿಟ್ಟುಕೊಳ್ಳೋಣ. ಪೆನ್ನು ತಗೊಳ್ಳಿ, ನೀವೂ ಹಾಕಿ. 50 ಕಿಲೋ ಸ್ನಾಯು ಸುಮಾರು 50 ಲೀಟರ್. ಅಂದರೆ 5 ಕೋಟಿ ಘನ ಮಿಲಿಮೀಟರ್. ಪ್ರತಿ ಘನ ಮಿಲಿಮೀಟರಿನಲ್ಲಿ ಒಂದೊಂದು ಮಿಲಿಮೀಟರ್ ಉದ್ದದ 2,000 ತುಂಡು, ಅಂದರೆ 2 ಮೀಟರ್. ಐದು ಕೋಟಿಗೆ 10 ಕೋಟಿ ಮೀಟರ್. ಬಂತಲ್ಲ ನಿಮ್ಮ ಒಂದು ಲಕ್ಷ ಕಿಲೋಮೀಟರ್.

ಈಗ ಹೇಳಿ, 50 ಕಿಲೋ ಸ್ನಾಯು ಯಾರ ಮೈಯಲ್ಲಿದೆ? 70 ಕಿಲೋ ತೂಗುವ ಗಂಡಸಿನಲ್ಲಿ ಇರುವುದು 30 ಕಿಲೋ ಆಸುಪಾಸು. ದಸರಾ ಕುಸ್ತಿಯ ಪೈಲ್ವಾನರನ್ನು ಹುಡುಕಿಕೊಂಡು ಹೋಗಬೇಕಾದೀತು. 2,000 ಅನ್ನುವುದೂ ಜಾಸ್ತಿಯೇ. ಮನುಷ್ಯರ ತೊಡೆಯ ಸ್ನಾಯುವಿನಲ್ಲಿ ಎಣಿಸಿದಾಗ ಸಿಗುವುದು 300ರಿಂದ 400ರಷ್ಟು. 30 ಕಿಲೋ ಮತ್ತು 350 ಹಿಡಿದು ಅದೇ ಲೆಕ್ಕ ಹಾಕಿದರೆ 10,500 ಕಿಲೋಮೀಟರ್ ಬರುತ್ತದೆ. ಈಚೆಗೆ ಈ ಕ್ಷೇತ್ರದವರೇ ಹಾಕಿರುವ ಹೊಸ ಅಂದಾಜು 9,000ದಿಂದ 19,000 ಕಿಲೋಮೀಟರ್. ಭೂಮಿಯ ಸುತ್ತಳತೆ 40,000. ಅರ್ಧ ಸುತ್ತೂ ಆಗಲಿಲ್ಲ.

ಕ್ರೋಗ್ ಮೇಲೆ ನನಗೆ ಕೋಪವಿಲ್ಲ. ಅವರು ‘ಎಂದಿಟ್ಟುಕೊಳ್ಳೋಣ’ ಅಂತ ಬಾಯಿಬಿಟ್ಟು ಹೇಳಿಯೇ ಲೆಕ್ಕ ಹಾಕಿದ್ದರು. ಆಮೇಲೆ ಬರೆದವರು ಆ ಮಾತನ್ನು ಬಿಟ್ಟು ಉತ್ತರವನ್ನು ಮಾತ್ರ ಹೊತ್ತುಕೊಂಡು ತಿರುಗಿದರು. ನೂರು ವರ್ಷವಾದ ಮೇಲೆ ಅದು ನಿಮ್ಮ ಮೂರನೇ ಪುಟಕ್ಕೆ ಬಂದು ಕೂತಿದೆ.

ರಕ್ತಪರಿಚಲನೆ ಅನ್ನುವುದು ಹುಟ್ಟಿದ್ದೇ ಲೆಕ್ಕದಿಂದ. ಅದಕ್ಕೇ ನನಗೆ ಇಷ್ಟು ಕಿರಿಕಿರಿ. ತಿಂದ ಅನ್ನ ಪಿತ್ತಜನಕಾಂಗದಲ್ಲಿ ರಕ್ತವಾಗುತ್ತದೆ, ಆ ರಕ್ತವನ್ನು ಮೈ ಬಳಸಿ ಖಾಲಿ ಮಾಡುತ್ತದೆ ಅಂತ ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದ್ದನ್ನು ಯುರೋಪು ಸಾವಿರಕ್ಕೂ ಹೆಚ್ಚು ವರ್ಷ ನಂಬಿತ್ತು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಒಂದು ಸರಳ ಗುಣಾಕಾರ ಮಾಡಿದರು. ಒಂದು ಬಡಿತಕ್ಕೆ ಎಷ್ಟು ರಕ್ತ ಹೊರಗೆ ಹೋಗುತ್ತದೆ, ಅರ್ಧ ಗಂಟೆಗೆ ಎಷ್ಟು ಬಡಿತ? ಎದುರಾಳಿ ತಕರಾರು ತೆಗೆಯಬಾರದು ಅಂತ ಬೇಕೆಂದೇ ತೀರಾ ಕಡಿಮೆ ಅಂಕಿ ಹಿಡಿದರು. ಆದರೂ ಅರ್ಧ ಗಂಟೆಯಲ್ಲಿ ಹೊರಬಿದ್ದ ರಕ್ತ ಇಡೀ ದೇಹದಲ್ಲಿರುವುದಕ್ಕಿಂತ ಜಾಸ್ತಿಯಾಯಿತು. ಅಷ್ಟು ರಕ್ತವನ್ನು ಯಾವ ಊಟವೂ ತಯಾರಿಸಲಾರದು. ಹಾಗಾದರೆ ಹೋದದ್ದೇ ತಿರುಗಿ ಬರುತ್ತಿರಬೇಕು. 1628ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಇವತ್ತಿನ ಅಳತೆಯಲ್ಲಿ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ 70 ಬಡಿತ, ಹತ್ತಿರ ಹತ್ತಿರ 5 ಲೀಟರ್. ಮೈಯಲ್ಲಿರುವ ಒಟ್ಟು ರಕ್ತವೂ ಅಷ್ಟೇ. ನಿಮ್ಮ ನಾಲ್ಕನೇ ಪುಟದಲ್ಲಿ ಈ 70, 70, 5 ಮೂರೂ ಇವೆ, ಆದರೆ ಮೂರು ಬೇರೆ ಬೇರೆ ಪ್ಯಾರಾಗಳಲ್ಲಿ! ಅವನ್ನು ಒಂದು ಕಡೆ ತಂದಿದ್ದರೆ ಹಾರ್ವೆಗೆ ಹೊಳೆದದ್ದು ಓದುಗರಿಗೂ ಹೊಳೆಯುತ್ತಿತ್ತು, ಅಲ್ವಾ?

ನಾನು ಕೆಲಸ ಕಲಿತ ವಾರಪತ್ರಿಕೆಯಲ್ಲಿ ವಿಜ್ಞಾನದ ಪುಟ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರಿದ್ದರು. ಮಾತು ಕಮ್ಮಿ. ಕರಡಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ನೋಡಿದ್ದೀಯಾ?’ ಅಂತ ಬರೆದು ವಾಪಸ್ ಕೊಡುತ್ತಿದ್ದರು. ಹೃದಯದ ಬಗ್ಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಾಗ, ಬರೆಯುವ ಮೊದಲೇ ಭಾನುವಾರ ಮಟನ್ ಅಂಗಡಿಗೆ ಕಳಿಸಿದರು. ‘ಗುಂಡಿಗೆ ಇಡೀದು ಕೇಳು. ಸೀಳಬಾರದು, ಮೇಲಿನ ಕೊಳವೆ ಕತ್ತರಿಸಬಾರದು ಅನ್ನು.’ ಅಂಗಡಿಯವರು ನನ್ನನ್ನು ಒಂದು ಥರ ನೋಡಿದರು, ಕೊಟ್ಟರು.

ರೂಮಿನ ಬಚ್ಚಲಲ್ಲಿ ಹಳೇ ಪೇಪರ್ ಹಾಸಿ ಕೂತೆ. ದಪ್ಪ ಕೊಳವೆಯೊಳಗೆ, ಅಂದರೆ ಮಹಾಪಧಮನಿಯೊಳಗೆ, ಲೋಟದಿಂದ ನೀರು ಹುಯ್ದೆ. ನೀರು ಕೆಳಗಿಳಿಯದೆ ನಿಂತಿತು. ಒಳಗೆ ಮೂರು ತೆಳ್ಳನೆಯ ಎಸಳು ಒಂದಕ್ಕೊಂದು ಕೂಡಿಕೊಂಡಿದ್ದವು. ಬ್ಲೇಡಿನಿಂದ ಕೆಳಗಿನ ಎರಡೂ ಕೋಣೆಗಳನ್ನು, ಅಂದರೆ ಕುಕ್ಷಿಗಳನ್ನು, ಸೀಳಿದೆ. ಎಡಗೋಡೆ ಬಲಗೋಡೆಗಿಂತ ಎರಡು ಮೂರು ಪಟ್ಟು ದಪ್ಪ. ಎರಡೂ ತಳ್ಳುವ ರಕ್ತ ಒಂದೇ ಪ್ರಮಾಣದ್ದು. ಆದರೆ ಬಲಗಡೆಯದು ಪಕ್ಕದ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು, ಎಡಗಡೆಯದು ಇಡೀ ಮೈಗೆ ತಳ್ಳಬೇಕು. ನಮ್ಮಲ್ಲಾದರೆ, ಬಿ.ಪಿ. ನೋಡುವ ಅಳತೆಯಲ್ಲಿ, ಬಲಗಡೆಯ ಒತ್ತಡ 25ರ ಸುಮಾರು, ಎಡಗಡೆಯದು 120. ಆಮೇಲೆ ಮಹಾಪಧಮನಿಯನ್ನು ಉದ್ದಕ್ಕೆ ಬಿಚ್ಚಿದಾಗ ಆ ಎಸಳುಗಳ ಸ್ವಲ್ಪ ಮೇಲೆ ಎರಡು ಸಣ್ಣ ತೂತು ಕಂಡವು. ಒಂದಕ್ಕೆ ಊದುಬತ್ತಿ ಕಡ್ಡಿ ತೂರಿಸಿದೆ. ಅದು ಗುಂಡಿಗೆಯ ಹೊರಮೈ ಮೇಲಿನ ಕೊಬ್ಬಿನಡಿ ಹೋಗಿ ನಿಂತಿತು. ನೋಡಿ ಮುಗಿದ ಮೇಲೆ ರೂಮಿನ ಗೆಳೆಯ ಅದನ್ನೇ ಸಾರು ಮಾಡಿದ.

ಆ ತೂತುಗಳ ವಿಷಯ ಹೇಳಿದ್ದು ಸುಮ್ನೆ ಅಲ್ಲ. ನಿಮ್ಮ ತಂದೆಯವರ ಕಥೆ ಶುರುವಾಗುವುದೇ ಅಲ್ಲಿಂದ. ಏಳನೇ ಪುಟದಲ್ಲಿ ನೀವು ಬರೆದಿದ್ದೀರಿ: “ಅಪ್ಪನ ಎಡಗಾಲಿನಿಂದ ರಕ್ತನಾಳ ತೆಗೆದು ಹೃದಯಕ್ಕೆ ಹಾಕಿದರು. ಎದೆಯ ಗಾಯಕ್ಕಿಂತ ಕಾಲಿನ ಗಾಯವೇ ಅವರಿಗೆ ಜಾಸ್ತಿ ನೋಯುತ್ತಿತ್ತು.”

ಎಂಟು ಪುಟದಲ್ಲಿ ನೀವು ಕಣ್ಣಾರೆ ಕಂಡು ಬರೆದದ್ದು ಇಷ್ಟೇ. ಇದರ ಮುಂದಿನ ಸಾಲು “ಇದು ವೈದ್ಯಕೀಯ ವಿಜ್ಞಾನದ ಪವಾಡವಲ್ಲದೆ ಮತ್ತೇನು?” ಅದರ ಮುಂದೆ ‘ಹೃದಯದ ಆರೋಗ್ಯಕ್ಕೆ ಹತ್ತು ಸೂತ್ರಗಳು’. ಓದುಗರನ್ನು ಆಪರೇಷನ್ ಥಿಯೇಟರಿನ ಬಾಗಿಲ ತನಕ ಕರೆದೊಯ್ದು, ಕೈಗೆ ವಾಕಿಂಗ್ ಮಾಡಿ ಅನ್ನುವ ಚೀಟಿ ಕೊಟ್ಟು ಕಳಿಸಿದಿರಿ.

‘ಪವಾಡ’ದ ಸಾಲು ತೆಗೆಯಿರಿ. ಅಲ್ಲಿ ಕೇಳಬೇಕಾದ ಪ್ರಶ್ನೆಗಳಿವೆ. ಸದಾ ರಕ್ತ ತುಂಬಿರುವ ಹೃದಯಕ್ಕೇ ರಕ್ತದ ಕೊರತೆ ಯಾಕೆ? ಕೆರೆ ತುಂಬಿದ್ದರೂ ಗದ್ದೆಗೆ ತೂಬಿನಿಂದಲೇ ನೀರು ಬರಬೇಕು. ಕೋಣೆಗಳೊಳಗಿನ ರಕ್ತ ಆ ದಪ್ಪ ಸ್ನಾಯುವಿಗೆ ಇಂಗುವುದಿಲ್ಲ. ಹೃದಯ ಮಹಾಪಧಮನಿಗೆ ತಳ್ಳಿದ ರಕ್ತದಲ್ಲಿ ನೂರಕ್ಕೆ ಐದರಷ್ಟು ಆ ಎರಡು ತೂತುಗಳ ಮೂಲಕ ತಿರುಗಿ ಹೃದಯಕ್ಕೇ ಬರುತ್ತದೆ. ಅಲ್ಲಿಂದ ಹೊರಡುವ ನಾಳಗಳೇ ಪರಿಧಮನಿಗಳು. ಇನ್ನೊಂದು ಸ್ವಾರಸ್ಯ ನೋಡಿ: ಹೃದಯ ಹಿಂಡುವಾಗ ಗೋಡೆಯೊಳಗಿನ ನಾಳಗಳೂ ಅದುಮಿಹೋಗುತ್ತವೆ. ಹಾಗಾಗಿ ಎಡಕುಕ್ಷಿಯ ಗೋಡೆಗೆ ರಕ್ತ ಸಿಗುವುದು ಹೆಚ್ಚಾಗಿ ಅದು ಸಡಿಲಗೊಂಡಾಗ. ಬ್ಲಾಕ್ ಆಗುವುದು ಈ ಪರಿಧಮನಿಗಳಲ್ಲೇ.

ಎರಡನೆಯದು, ಕಾಲಿನದೇ ಯಾಕೆ? ಪಾದದ ಗಂಟಿನ ಒಳಬದಿಯಿಂದ ತೊಡೆಸಂದಿಯ ತನಕ ಚರ್ಮದ ಕೆಳಗೇ ಒಂದು ಉದ್ದನೆಯ ಅಭಿಧಮನಿ, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳ, ಇದೆ. ಅದನ್ನು ತೆಗೆದರೂ ಕಾಲು ನಡೆದೀತು, ಯಾಕೆಂದರೆ ಕಾಲಿನ ಹೆಚ್ಚಿನ ರಕ್ತ ಮೇಲೇರುವುದು ಆಳದ ಅಭಿಧಮನಿಗಳಲ್ಲಿ. ಅರ್ಜೆಂಟೀನಾದ ಸರ್ಜನ್ ರೆನೆ ಫವಲೋರೊ 1967ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಇದನ್ನು ಬಳಸಿ ಬೈಪಾಸ್, ಅಂದರೆ ಬ್ಲಾಕಿನ ಆಚೆಗೆ ರಕ್ತ ಹೋಗಲು ಬದಲಿ ದಾರಿ, ಮಾಡಿದರು. ಆಮೇಲೆ ಅದು ಎಲ್ಲ ಕಡೆ ಹಬ್ಬಿತು.

ಮೂರನೆಯದು ನನಗೆ ತುಂಬಾ ಇಷ್ಟವಾದದ್ದು. ಹೊಲಿಯುವಾಗ ಆ ನಾಳವನ್ನು ತಲೆಕೆಳಗು ಮಾಡುತ್ತಾರೆ. ಕಾಲಿನ ಅಭಿಧಮನಿಯೊಳಗೆ ಕವಾಟಗಳಿವೆ. ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆ. ಹೊಸ ಜಾಗದಲ್ಲಿ ರಕ್ತ ಮಹಾಪಧಮನಿಯಿಂದ ಕೆಳಗಿಳಿಯಬೇಕು. ಇದ್ದ ಹಾಗೇ ಕೂಡಿಸಿದರೆ ಅವು ಆ ರಕ್ತಕ್ಕೆ ಅಡ್ಡ ನಿಲ್ಲುತ್ತವೆ. ಈ ಕವಾಟಗಳನ್ನು ಇಟಲಿಯ ಪಡುವಾದಲ್ಲಿ ಹಾರ್ವೆಯ ಗುರು ಫ್ಯಾಬ್ರಿಷಿಯಸ್ ವಿವರಿಸಿದ್ದರು. ರಕ್ತದ ರಭಸ ತಗ್ಗಿಸಲು ಇವೆ ಅಂದುಕೊಂಡಿದ್ದರು. ಹಾರ್ವೆ ತೋಳಿಗೆ ಪಟ್ಟಿ ಕಟ್ಟಿ, ಉಬ್ಬಿದ ನಾಳದಲ್ಲಿ ಬೆರಳಿನಿಂದ ರಕ್ತವನ್ನು ಕೈ ಕಡೆಗೆ ತಳ್ಳಲು ನೋಡಿದರು. ಕವಾಟ ದಾಟಿ ಅದು ಹೋಗಲಿಲ್ಲ. ನಿಮ್ಮ ತಂದೆಯವರ ಸರ್ಜನ್ ಆ ನಾಳವನ್ನು ತಿರುಗಿಸಿ ಹೊಲಿದಿದ್ದರೆ ಅದಕ್ಕೆ ಕಾರಣ ಹಾರ್ವೆ ಕಂಡ ಆ ಕವಾಟಗಳೇ. ನಿಮ್ಮ ಲೇಖನದಲ್ಲಿ ಹಾರ್ವೆಯೂ ಇದ್ದಾರೆ, ಅಪ್ಪನೂ ಇದ್ದಾರೆ. ಒಬ್ಬರಿಗೊಬ್ಬರ ಪರಿಚಯವೇ ಮಾಡಿಸಿಲ್ಲ ನೀವು.

ಹಾಗಾಗಿ ಏಳನೇ ಪುಟದಿಂದ ಶುರು ಮಾಡಿ. ಒಂದು, ಎರಡು, ಮೂರು ಮತ್ತು ಎಂಟನೇ ಪುಟ ಬೇಡ. ತಂದೆಯವರ ಡಿಸ್ಚಾರ್ಜ್ ಸಮ್ಮರಿ ತೆಗೆದು ಎಷ್ಟು ನಾಳ ಹಾಕಿದರು, ಎದೆಗೂಡಿನ ಒಳಗಿನ ಅಪಧಮನಿಯನ್ನೂ ಬಳಸಿದರಾ ನೋಡಿ. ಹಾಗೆ ಮಾಡುವುದು ಈಗ ರೂಢಿಯೇ. ಕಾಲು ಯಾಕೆ ಅಷ್ಟು ನೋಯುತ್ತಿತ್ತು ಅಂತ ಅವರನ್ನೇ ಕೂರಿಸಿಕೊಂಡು ಕೇಳಿ. ಅವರ ಒಪ್ಪಿಗೆ ಇಲ್ಲದೆ ಬರೆಯಬೇಡಿ.

900 ಪದ ಮೀರಬಾರದು. ದೀಪಾವಳಿ ವಿಶೇಷಾಂಕದ ಕೆಲಸ ಮುಗಿದ ಮೇಲೆ ಕಳಿಸಿ. ಅದಕ್ಕೆ ಮುಂಚೆ ಬಂದದ್ದನ್ನು ನಾನು ತೆರೆದೂ ನೋಡುವುದಿಲ್ಲ.

ಇತಿ,
ಸಂಪಾದಕ