ನೊರೆ ಬಂದ ಮಾತ್ರಕ್ಕೆ ಕೊಳೆ ಹೋಗದು

ಪ್ರಶ್ನೆ: ಅಡುಗೆ ಸೋಡಾಗೆ ವಿನೆಗರ್ ಬೆರೆಸಿ ಬಾಟಲಿಯಲ್ಲಿ ತುಂಬಿಟ್ಟಿದ್ದೇನೆ. ಬೆರೆಸುವಾಗ ನೊರೆ ಉಕ್ಕಿ ಬರುತ್ತದೆ. ಆದರೆ ನಲ್ಲಿಯ ಬಿಳಿ ಕಲೆಯೂ ಹೋಗುತ್ತಿಲ್ಲ, ಒಲೆಯ ಜಿಡ್ಡೂ ಬಿಡುತ್ತಿಲ್ಲ. ಅಳತೆ ತಪ್ಪಿತೇ?

ಉತ್ತರ: ಅಳತೆಯಲ್ಲ, ಬೆರೆಸಿದ್ದೇ ತಪ್ಪು. ವಿನೆಗರ್ ಆಮ್ಲ, ಸೋಡಾ ಕ್ಷಾರ. ಸೇರಿದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ. ನೊರೆಯಾಗಿ ಹೋಗುವುದು ಇಂಗಾಲದ ಡೈಆಕ್ಸೈಡ್. ಬಾಟಲಿಯಲ್ಲಿ ಉಳಿಯುವುದು ಬಹುಪಾಲು ಉಪ್ಪುನೀರಿನಂಥ ದ್ರವ. ಬೆರೆಸಿದ ಕೂಡಲೇ ಬಿಗಿಯಾಗಿ ಮುಚ್ಚಿದರೆ ಅನಿಲದ ಒತ್ತಡಕ್ಕೆ ಬಾಟಲಿ ಸಿಡಿಯಲೂಬಹುದು. ಅದನ್ನು ಚೆಲ್ಲಿಬಿಡಿ.

ನಲ್ಲಿಯ ಬಿಳಿ ಕಲೆ ಗಡಸು ನೀರು ಆರಿದಾಗ ಉಳಿದ ಸುಣ್ಣದಂಶ. ಅದಕ್ಕೆ ಆಮ್ಲವೇ ಬೇಕು. ಶೇ. 5ರ ಬಿಳಿ ವಿನೆಗರ್‌ಗೆ ನೀರು ಬೆರೆಸದೆ, ಅದರಲ್ಲಿ ಬಟ್ಟೆ ಅದ್ದಿ ನಲ್ಲಿಯ ಬುಡಕ್ಕೆ ಸುತ್ತಿ 30 ನಿಮಿಷ ಬಿಡಿ. ಕಲೆಯ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಏಳುತ್ತವೆ. ಕೆಲಸ ಮಾಡುವ ನೊರೆ ಅದು. ಬಟ್ಟೆ ಬಿಚ್ಚಿದಾಗ ಕಲ್ಲಿನಂತಿದ್ದ ಪದರ ಒದ್ದೆ ಸೀಮೆಸುಣ್ಣದಂತೆ ಮೆತ್ತಗಾಗಿ, ಉಗುರು ತಾಗಿಸಿದರೂ ಬರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ತೊಳೆದು, ಒಣಗಿಸಿ. ಪದರ ದಪ್ಪವಾಗಿದ್ದರೆ ಇನ್ನೊಮ್ಮೆ ಮಾಡಿ, ಆದರೆ ರಾತ್ರಿಯಿಡೀ ಸುತ್ತಿಡಬೇಡಿ, ಲೇಪನ ಹಾಳಾಗುತ್ತದೆ. ಚಿನ್ನದ ಬಣ್ಣದ ಲೇಪನವಿದ್ದರೆ ವಿನೆಗರ್ ಮುಟ್ಟಿಸಲೇಬೇಡಿ.

ಒಲೆಯ ಜಿಡ್ಡಿಗೆ ಬೇಕಾದದ್ದು ಕ್ಷಾರ. ಅರ್ಧ ಲೀಟರ್ ಬಿಸಿನೀರಿಗೆ 1 ದೊಡ್ಡ ಚಮಚ ವಾಷಿಂಗ್ ಸೋಡಾ (ಬಟ್ಟೆ ಒಗೆಯುವ ಸೋಡಾ, ಅಡುಗೆ ಸೋಡಾ ಅಲ್ಲ) ಕರಗಿಸಿ, ಕೈಗವಸು ಹಾಕಿಕೊಂಡು, ತಣ್ಣಗಾದ ಒಲೆಗೆ ಬಟ್ಟೆಯಿಂದ ಹಚ್ಚಿ 10 ನಿಮಿಷ ಬಿಟ್ಟು ಒರೆಸಿ. ಅಲ್ಯೂಮಿನಿಯಂ ಭಾಗಗಳಿಗೆ ಮಾತ್ರ ಬೇಡ, ಕಪ್ಪಾಗುತ್ತವೆ. ಸುಟ್ಟು ಹಿಡಿದ ಕಡೆ 3 ಪಾಲು ಅಡುಗೆ ಸೋಡಾಗೆ 1 ಪಾಲು ನೀರು ಕಲಸಿ ಮೆತ್ತಿ, ಬೆಳಗ್ಗೆ ಮರದ ಚಮಚದಿಂದ ಕೆರೆಯಿರಿ. ಕೊನೆಗೆ ಉಳಿಯುವ ಬಿಳಿ ಪುಡಿಯನ್ನು ವಿನೆಗರ್ ಬಟ್ಟೆಯಿಂದ ಒರೆಸಿ ತೆಗೆಯಬಹುದು. ಎರಡರ ಭೇಟಿಗೆ ಅರ್ಥವಿರುವುದು ಇಲ್ಲಿಯೇ.

ಪ್ರಶ್ನೆ: ಮಾರ್ಬಲ್ ಕಟ್ಟೆಗೆ ನಿಂಬೆರಸ ಹಚ್ಚಿ ಉಜ್ಜಿದೆ. ಹೊಳಪು ಹೋಗಿ ಮಸುಕು ಮಚ್ಚೆಗಳಾಗಿವೆ. ಯಾವುದರಿಂದ ತೊಳೆಯಲಿ?

ಉತ್ತರ: ಅದು ಕೊಳೆಯಲ್ಲ, ಕಲ್ಲೇ ಸವೆದಿದೆ. ಮಾರ್ಬಲ್ ಕೂಡ ಕ್ಯಾಲ್ಸಿಯಂ ಕಾರ್ಬೊನೇಟ್. ನಲ್ಲಿಯ ಕಲೆಯನ್ನು ಕರಗಿಸುವ ಆಮ್ಲ ಅದನ್ನೂ ಕರಗಿಸುತ್ತದೆ. ತೊಳೆದರೆ ಸರಿಹೋಗದು, ಕಲ್ಲಿಗೆ ಮತ್ತೆ ಪಾಲಿಶ್ ಮಾಡಿಸಬೇಕು. ಇನ್ನು ಮುಂದೆ 1 ಲೀಟರ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೌಮ್ಯ ದ್ರವ ನಾಲ್ಕೈದು ಹನಿ ಸಾಕು. ಬರೀ ನೀರಿನಿಂದ ಮತ್ತೊಮ್ಮೆ ಒರೆಸಿ, ಒಣಬಟ್ಟೆ ಆಡಿಸಿ. ಸಿಮೆಂಟಿನ ಮೊಸಾಯಿಕ್ ನೆಲಕ್ಕೂ ಇದೇ ಕ್ರಮ.

ಪ್ರಶ್ನೆ: ಮನೆಯಲ್ಲಿ ವಾಂತಿಭೇದಿ ಆದವರಿದ್ದಾರೆ. ರಾಸಾಯನಿಕ ಬಳಸಲು ಮನಸ್ಸಿಲ್ಲ. ಶೌಚಾಲಯಕ್ಕೆ ವಿನೆಗರ್ ಸಾಕೇ?

ಉತ್ತರ: ಸಾಲದು. ರಾಸಾಯನಿಕಗಳಿಂದ ದೂರವಿರಬೇಕೆಂಬ ನಿಮ್ಮ ಕಾಳಜಿ ನಮ್ಮದೂ ಹೌದು, ಆದರೆ ರೋಗಾಣು ಕೊಲ್ಲಲು ವಿನೆಗರನ್ನು ನಂಬುವಂತಿಲ್ಲ. ಮೊದಲು ಸೋಪುನೀರಿನಿಂದ ಕೊಳೆ ತೆಗೆಯಿರಿ, ಅನಂತರ ಸೋಂಕುನಿವಾರಕವನ್ನು ಲೇಬಲ್ಲಿನಲ್ಲಿ ಹೇಳಿದಷ್ಟೇ ಅಳತೆಯಲ್ಲಿ, ಹೇಳಿದಷ್ಟು ಹೊತ್ತು ಬಿಡಿ. ಅದು ಬ್ಲೀಚ್ ಆಗಿದ್ದರೆ ವಿನೆಗರ್, ನಿಂಬೆ ಯಾವುದೂ ಅದಕ್ಕೆ ಸೇರಬಾರದು: ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಅಲ್ಲಿ ಮೊದಲೇ ವಿನೆಗರ್ ಬಳಸಿದ್ದರೆ ಧಾರಾಳ ನೀರು ಸುರಿದು ತೊಳೆದ ಮೇಲೆಯೇ ಬ್ಲೀಚ್ ಮುಟ್ಟಿ, ಕಿಟಕಿ ತೆರೆದಿರಲಿ.