ದಿನಾ ಗರ್ಭನಿರೋಧಕ ಮಾತ್ರೆ ತೆಗೆದುಕೊಂಡರೆ ಲಾಭ ಜಾಸ್ತಿಯೋ, ಅಪಾಯ ಜಾಸ್ತಿಯೋ?

ಆರೋಗ್ಯವಾಗಿರುವ, ಸಿಗರೇಟ್ ಸೇದದ ಹೆಚ್ಚಿನ ಹೆಂಗಸರಿಗೆ ಲಾಭವೇ ಜಾಸ್ತಿ. ಆದರೆ ಈ ಮಾತು ಎಲ್ಲರಿಗೂ ಹೊಂದುವುದಿಲ್ಲ.

ಮುಖ್ಯ ಭಯ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು. ಅದು ಸುಮ್ನೆ ಹುಟ್ಟಿದ ಭಯವಲ್ಲ. ಮಾತ್ರೆ ತೆಗೆದುಕೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ 1ರಿಂದ 5 ಮಂದಿಗೆ ಹೀಗಾಗುತ್ತದೆ. ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್ ಇರುವ ಮಾತ್ರೆ ತೆಗೆದುಕೊಳ್ಳುವವರಲ್ಲಿ 3ರಿಂದ 9. ಬಸುರಿಯರಲ್ಲಿ ಇದಕ್ಕಿಂತ ಜಾಸ್ತಿ, ಹಸಿ ಬಾಣಂತಿಯರಲ್ಲಂತೂ ಇನ್ನೂ ಜಾಸ್ತಿ. ಹೋಲಿಸುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಲ್ವಾ? ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಎದೆನೋವು, ಏದುಸಿರು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೋಗಿ.

ವಯಸ್ಸು 35 ದಾಟಿ ಸಿಗರೇಟ್ ಸೇದುವವರು, ಬಿಪಿ ಜಾಸ್ತಿ ಇರುವವರು, ಮೈಗ್ರೇನ್ ಶುರುವಾಗುವ ಮುಂಚೆ ಕಣ್ಣೆದುರು ಮಿಂಚುವ ಅಂಕುಡೊಂಕು ಗೆರೆ ಕಾಣುವವರು ಈಸ್ಟ್ರೋಜನ್ ಮಾತ್ರೆಯಿಂದ ದೂರ ಇರುವುದೇ ಒಳ್ಳೆಯದು. ಈಸ್ಟ್ರೋಜನ್ ಇಲ್ಲದ ಮಾತ್ರೆಗಳೂ ಇವೆ, ಡಾಕ್ಟರನ್ನು ಕೇಳಿ. ಬಿಪಿ ನೋಡಿಸದೆ ಶುರು ಮಾಡಲೇಬೇಡಿ.

ಲಾಭ ಅಂದರೆ ಬರೀ ಗರ್ಭ ತಡೆಯುವುದಲ್ಲ. ಮುಟ್ಟಿನ ನೋವು, ರಕ್ತಸ್ರಾವ ಕಡಿಮೆಯಾಗುತ್ತದೆ. ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ಇಳಿಯುತ್ತದೆ, ಮಾತ್ರೆ ಬಿಟ್ಟ ಮೇಲೂ ಎಷ್ಟೋ ವರ್ಷ ಆ ರಕ್ಷಣೆ ಇರುತ್ತದೆ. ಸ್ತನ ಕ್ಯಾನ್ಸರ್ ಸಾಧ್ಯತೆ ಮಾತ್ರ ತುಸು ಏರುತ್ತದೆ, ಬಿಟ್ಟ ಮೇಲೆ ನಿಧಾನವಾಗಿ ಇಳಿಯುತ್ತದೆ. "ಮುಂದೆ ಮಕ್ಕಳಾಗಲ್ಲ" ಅನ್ನುವುದು ಸುಳ್ಳು.

ತಪ್ಪದೆ ತೆಗೆದುಕೊಂಡರೆ ವರ್ಷಕ್ಕೆ 100ರಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದಿಲ್ಲ. ಮರೆವು ಸೇರಿದಾಗ ಸುಮಾರು 7 ಮಂದಿಗೆ ನಿಲ್ಲುತ್ತದೆ. ಮಾತ್ರೆಯ ಸ್ಟ್ರಿಪ್ಪನ್ನು ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ಇಡಿ.