ಚಿತ್ರದುರ್ಗದ ಮುಚ್ಚಿದ ರೇಡಿಯೋ ಅಂಗಡಿಯಲ್ಲಿ ಸಿಕ್ಕ ಹಳೆ ಸೋಲ್ಡರಿಂಗ್ ಐರನ್ ಚೆನ್ನಾಗಿ ಕಾಯುತ್ತದೆ, ಆದರೆ ಬೆಸುಗೆಯ ಸೀಸ ಯಾಕೆ ಹಿಡಿಯುವುದಿಲ್ಲ?

ಮೊನೆಯ ತಾಮ್ರದ ಮೇಲೆ ಕಪ್ಪು ಆಕ್ಸೈಡ್ ಪದರ ಕೂತಿದೆ, ಅದಕ್ಕೇ. ಕಾದ ತಾಮ್ರಕ್ಕೆ ಗಾಳಿ ತಾಗಿದರೆ ಈ ಪದರ ಕಟ್ಟುತ್ತದೆ. ಕರಗಿದ ಸೀಸ ಶುದ್ಧ ಲೋಹಕ್ಕೆ ಅಂಟುತ್ತದೆ, ಆಕ್ಸೈಡಿಗಲ್ಲ. ಗುಂಡಗಾಗಿ ಉರುಳಿ ಬೀಳುತ್ತದೆ, ಅಲ್ವಾ?

ಐರನ್ ತಣ್ಣಗಿರುವಾಗ ಕೆಂಪು ತಾಮ್ರ ಹೊಳೆಯುವವರೆಗೆ ಅರದಿಂದ ಉಜ್ಜಿ. ಆಮೇಲೆ ಕಾಯಲು ಬಿಟ್ಟು, ಒಳಗೆ ರಾಳ ಇರುವ ಸೀಸದ ತಂತಿಯನ್ನು ಮೊನೆಗೆ ಹಿಡಿದೇ ಇರಿ. 60/40 ತಂತಿ (60 ಪಾಲು ತವರ, 40 ಪಾಲು ಸೀಸ) ಸುಮಾರು 190 ಡಿಗ್ರಿಗೆ ಕರಗುತ್ತದೆ. ಕರಗಿದ ಕೂಡಲೇ ಸುತ್ತಲೂ ಬಳಿದುಬಿಡಿ, ತಡವಾದರೆ ಮತ್ತೆ ಕಪ್ಪಾಗುತ್ತದೆ. ಕಬ್ಬಿಣದ ಲೇಪ ಇರುವ ಈಗಿನ ಮೊನೆಗೆ ಮಾತ್ರ ಅರ ಮುಟ್ಟಿಸಬೇಡಿ.

ಮುಚ್ಚಿದ ಅಂಗಡಿಯಲ್ಲಿ ಸಿಕ್ಕಿದ್ದು ಅಂದಿದ್ದೀರಿ. ಹಾಗಾದರೆ ಇನ್ನೊಮ್ಮೆ ಪ್ಲಗ್ಗಿಗೆ ಹಾಕುವ ಮೊದಲು ಮಲ್ಟಿಮೀಟರ್ ಹಿಡಿದು ನೋಡಿ. ಕರೆಂಟಿನ ಪಿನ್ನಿಗೂ ಲೋಹದ ಮೈಗೂ ಸಂಪರ್ಕ ತೋರಿಸಿದರೆ ಒಳಗೆ ಕರೆಂಟ್ ತಡೆಯುವ ಅಭ್ರಕದ ಹಾಳೆ ಹಾಳಾಗಿರಬಹುದು. ಅದನ್ನು ಬದಲಿಸುವ ತನಕ ಬಳಸಲೇಬೇಡಿ, ಶಾಕ್ ಹೊಡೆಯುತ್ತದೆ.